ಮಲೇರಿಯಾ ಕಾವಲಿಗೆ ತೆತ್ತ ಬೆಲೆ

ರಕ್ತದ ಕೆಂಪುಕಣಗಳು ದುಂಡಗಿರದೆ ಕುಡುಗೋಲಿನಂತೆ ಬಾಗುವ ಕಾಯಿಲೆಯೇ ‘ಸಿಕಲ್ ಸೆಲ್’ ರಕ್ತಹೀನತೆ. ದೋಷವಿರುವ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಈ ಕಾಯಿಲೆ ತಗಲುತ್ತದೆ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಅಂಥ ಬಹುಪಾಲು ಮಕ್ಕಳು ಎಳವೆಯಲ್ಲೇ ಸಾಯುತ್ತಿದ್ದರು. ಹಾಗಿದ್ದರೆ ಈ ವಂಶವಾಹಿ ತಲೆಮಾರುಗಳು ಉರುಳಿದಂತೆ ಅಳಿಸಿಹೋಗಬೇಕಿತ್ತಲ್ಲವೆ? ಅದು ಉಳಿದುಬಂದದ್ದಾದರೂ ಹೇಗೆ?

ಈ ಒಗಟನ್ನು ಬಿಡಿಸಿದವರು ಆಂಟನಿ ಆಲಿಸನ್. 1925ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ ಕೀನ್ಯಾದಲ್ಲಿ ಬೆಳೆದ ಅವರು, ಆಕ್ಸ್‌ಫರ್ಡ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ, 1949ರಲ್ಲಿ, ಕೀನ್ಯಾದ ಬುಡಕಟ್ಟುಗಳ ರಕ್ತದ ಮಾದರಿ ಸಂಗ್ರಹಿಸಿದರು. ಕಡಲ ತೀರದಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ನೂರಕ್ಕೆ 20ಕ್ಕೂ ಹೆಚ್ಚು ಜನರಲ್ಲಿ ಈ ವಂಶವಾಹಿ ಇತ್ತು. ಎತ್ತರದ ಬೆಟ್ಟನಾಡಿನಲ್ಲಿ ಅದು ನೂರಕ್ಕೆ ಒಂದೂ ಇರಲಿಲ್ಲ. ಮಲೇರಿಯಾದ ಹರಹೂ ಹೀಗೆಯೇ ಇತ್ತು.

1953ರಲ್ಲಿ ಅವರು ಉಗಾಂಡದ ಕಂಪಾಲಾ ಬಳಿ 290 ಮಕ್ಕಳ ರಕ್ತ ಪರೀಕ್ಷಿಸಿದರು. ಈ ವಂಶವಾಹಿಯಿದ್ದ 43 ಮಕ್ಕಳಲ್ಲಿ 12 ಮಂದಿಯಲ್ಲಿ, ಉಳಿದ 247ರಲ್ಲಿ 113 ಮಂದಿಯಲ್ಲಿ ಮಲೇರಿಯಾ ಪರಾವಲಂಬಿ ಕಂಡಿತು. ಆಮೇಲೆ ಲುವೊ ಬುಡಕಟ್ಟಿನ 30 ಮಂದಿ ಸ್ವಯಂಸೇವಕರಿಗೆ ಮಲೇರಿಯಾ ಸೋಂಕು ಹತ್ತಿಸಿದರು. ವಂಶವಾಹಿ ಇಲ್ಲದ 15 ಮಂದಿಯಲ್ಲಿ 14 ಮಂದಿಗೆ ಸೋಂಕು ನೆಲೆಯೂರಿತು. ಇದ್ದ 15 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಇಂದು ಇಂಥ ಪ್ರಯೋಗಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. 1954ರಲ್ಲಿ ಈ ಫಲಿತಾಂಶ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು.

ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಪರಾವಲಂಬಿ ಹೊಕ್ಕ ಕಣ ಅವರಲ್ಲಿ ಬೇಗ ಬಾಗುತ್ತದೆ. ಗುಲ್ಮ ಅದನ್ನು ಸೋಸಿ ತೆಗೆಯುತ್ತದೆ. ಮಲೇರಿಯಾದಿಂದ ಬದುಕುಳಿದ ಇವರೇ ವಂಶವಾಹಿಯನ್ನು ಮುಂದಿನ ಪೀಳಿಗೆಗೆ ದಾಟಿಸಿದರು. ಹಲವರಿಗೆ ದೊರೆತ ಈ ಕಾವಲಿಗೆ ಬೆಲೆ ತೆತ್ತವರು, ಇಬ್ಬರಿಂದಲೂ ಅದನ್ನು ಪಡೆದ ಮಕ್ಕಳು. ನಿಸರ್ಗದ ಆಯ್ಕೆ ಮನುಷ್ಯನಲ್ಲೂ ನಡೆಯುತ್ತದೆಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಅದುವರೆಗೆ ಇರಲಿಲ್ಲ.

ಆಲಿಸನ್ ಮುಂದೆ ಎಲ್ಸಿ ಯೂಗಿ ಅವರೊಡನೆ, ಕಸಿಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿಯೊಂದನ್ನು ರೂಪಿಸಿದರು. 2014ರಲ್ಲಿ ನಿಧನರಾದರು.

ಭಾರತದಲ್ಲಿ ಈ ವಂಶವಾಹಿ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಪತ್ತೆಯಾಯಿತು. ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಾಡಿಗಳಲ್ಲೂ ಅದಿದೆ. ವಂಶವಾಹಿಯುಳ್ಳ ಇಬ್ಬರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲೊಂದು. 2023ರಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ಅಭಿಯಾನ ಆರಂಭಿಸಿತು. ರಕ್ತ ಪರೀಕ್ಷೆಗೆ ಹಾಡಿಗೆ ಹೋಗುವವರು ಒಂದು ಮಾತನ್ನು ತಿಳಿಸಿ ಹೇಳಬೇಕು: ಇದು ಕುಲದ ಕಳಂಕವಲ್ಲ, ಹಿರಿಯರನ್ನು ಮಲೇರಿಯಾದಿಂದ ಉಳಿಸಿದ ಗುಣದ ಇನ್ನೊಂದು ಮುಖ.