ಆರಿದ ಅಗ್ಗಿಷ್ಟಿಕೆಯ ವಿಚಾರ

ಅಗ್ಗಿಷ್ಟಿಕೆಯೆಂಬ ಮಾತು ಸಂಸ್ಕೃತದ ಅಗ್ನಿಷ್ಠಿಕಾ ಶಬ್ದದ ತದ್ಭವವು. ಕೆಂಡವನ್ನಿಡುವ ಪಾತ್ರೆಗೆ ಸಲ್ಲುತ್ತಿದ್ದ ಈ ಹೆಸರು, ಆಂಗ್ಲರು ಬೆಂಗಳೂರಿನ ದಂಡುಪ್ರದೇಶದ ಬಂಗಲೆಗಳಲ್ಲಿ ಗೋಡೆಯೊಳಗೆ ಕಟ್ಟಿಸಿದ ಬೆಂಕಿಗೂಡಿಗೂ ಸಂದಿತು. ನಮ್ಮ ಹವೆಗೆ ಅಂತಹ ಗೂಡು ಅತ್ಯವಶ್ಯವಲ್ಲ. ಇಂಗ್ಲೆಂಡಿನಲ್ಲಾದರೋ ಅದು ಗೃಹಸ್ಥನ ಜೀವನಾಧಾರವೇ ಆಗಿದ್ದಿತು. ಹೀಗಿದ್ದೂ, ಆರಿಹೋದ ಅಗ್ಗಿಷ್ಟಿಕೆಯನ್ನು ಮಾಡುವುದೇನು ಎಂಬ ಪ್ರಶ್ನೆಯು ಆ ದೇಶದಲ್ಲಿ ಮನೆಮನೆಗೂ ಬಂದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಮೊದಲು ಅಲ್ಲಿಯ ಜನರು ನಡುಮನೆಯ ನೆಲದ ಮೇಲೆಯೇ ಬೆಂಕಿಯನ್ನು ಹೊತ್ತಿಸುತ್ತಿದ್ದರು. ಹೊಗೆಯು ಮಾಡಿನ ಸಂದಿಯಿಂದ ಹೊರಡುತ್ತಿದ್ದಿತು. ಹದಿನಾರನೆಯ ಶತಮಾನದಲ್ಲಿ ಸಾಮಾನ್ಯರ ಮನೆಗಳಿಗೂ ಹೊಗೆಗೂಡುಗಳು ಬಂದವು. 1577ರಲ್ಲಿ ಪ್ರಕಟವಾದ ದೇಶವರ್ಣನೆಯಲ್ಲಿ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿಯು, ತನ್ನ ಊರಿನ ಮುದುಕರು ಬೆರಗಾಗಿ ಹೇಳುತ್ತಿದ್ದ ಮಾರ್ಪಾಡುಗಳಲ್ಲಿ ಹೊಗೆಗೂಡುಗಳ ಹೆಚ್ಚಳವನ್ನೇ ಮೊದಲು ಎಣಿಸಿದ್ದಾನೆ.

ಹೆಚ್ಚಿದ ವಸ್ತುವಿನ ಮೇಲೆ ಅರಸನ ದೃಷ್ಟಿ ಬೀಳದಿರುವುದುಂಟೆ? 1662ರಲ್ಲಿ, ಎರಡನೆಯ ಚಾರ್ಲ್ಸ್ ದೊರೆಯ ಆಳಿಕೆಯಲ್ಲಿ, ಒಲೆಯೊಂದಕ್ಕೆ ವರ್ಷಕ್ಕೆ 2 ಷಿಲ್ಲಿಂಗುಗಳ ತೆರಿಗೆಯು ವಿಧಿಸಲ್ಪಟ್ಟಿತು. ಕಡುಬಡವರಿಗೆ ವಿನಾಯಿತಿಯಿದ್ದಿತಾದರೂ, ಅಧಿಕಾರಿಗಳು ಒಳಮನೆಗೆ ಬಂದು ಒಲೆಗಳನ್ನು ಎಣಿಸುವುದು ಪ್ರಜೆಗಳಿಗೆ ದುಸ್ಸಹವಾಯಿತು. ಎಷ್ಟೋ ಮಂದಿ ಗೂಡುಗಳಿಗೆ ಇಟ್ಟಿಗೆಯಿಟ್ಟು ಮುಚ್ಚಿದರು. ಆಕ್ಸ್‌ಫರ್ಡ್ ಪ್ರಾಂತದ ಚರ್ಚಿಲ್ ಗ್ರಾಮದಲ್ಲಿ ರೊಟ್ಟಿ ಸುಟ್ಟು ಮಾರುವ ಹೆಂಗಸೊಬ್ಬಳು, ತೆರಿಗೆಯನ್ನು ತಪ್ಪಿಸಲೆಂದು ಗೋಡೆಯನ್ನು ಕೊರೆದು ತನ್ನ ಒಲೆಯ ಹೊಗೆಯನ್ನು ನೆರೆಮನೆಯ ಗೂಡಿಗೆ ಬಿಟ್ಟಳಂತೆ. 1684ರಲ್ಲಿ ಅದರಿಂದ ಬೆಂಕಿ ಹತ್ತಿ ಸುಮಾರು ಇಪ್ಪತ್ತು ಮನೆಗಳು ಸುಟ್ಟುಹೋದವು, ನಾಲ್ವರು ಮಡಿದರು. 1689ರಲ್ಲಿ ಆ ತೆರಿಗೆಯು ರದ್ದಾಯಿತು.

ಕಲ್ಲಿದ್ದಲಿನ ಬಳಕೆಯು ಬೆಳೆದಂತೆ ಗೂಡೂ ಕಿರಿದಾಯಿತು. ಅದರ ಕೊರಳನ್ನು ಬಿಗಿದು, ಪಕ್ಕಗಳನ್ನು ಓರೆಮಾಡಿ, ಕಾವು ಕೋಣೆಗೆ ಮರಳುವಂತೆ 1796ರ ಸುಮಾರಿಗೆ ತಿದ್ದಿದವನು ರಮ್‌ಫರ್ಡ್ ಪ್ರಭು. ಹೊಗೆಯ ಉಪದ್ರವವು ಮಾತ್ರ ತೀರಲಿಲ್ಲ. 1952ರ ದಶಂಬರ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಮಂಜೂ ಹೊಗೆಯೂ ಕೂಡಿ ಕವಿದವು. ಸತ್ತವರು ಸುಮಾರು 4,000 ಮಂದಿಯೆಂದು ಆಗ ಎಣಿಸಿದರು. ಈಚಿನ ಸಂಶೋಧಕರು 12,000ದವರೆಗೂ ಹೇಳುವರು. ಹೊಗೆಯಿಂದ ಬೆಂಕಿಯನ್ನು ಸಾಧಿಸುವುದು ನಮ್ಮ ತಾರ್ಕಿಕರ ವಾಡಿಕೆ. ಇಲ್ಲಿ ಹೊಗೆಯೇ ಬೆಂಕಿಯನ್ನು ಮನೆಯಿಂದ ಹೊರದೂಡಿತು. 1956ರ ಶುದ್ಧವಾಯು ಶಾಸನದ ಮೇರೆಗೆ ನಿರ್ಧೂಮ ವಲಯಗಳು ಏರ್ಪಟ್ಟವು. ಒಲೆಯನ್ನು ಬದಲಿಸುವವರಿಗೆ ಸಹಾಯಧನವೂ ದೊರೆಯಿತು.

ಆಗ ಅಸಂಖ್ಯ ಗೃಹಸ್ಥರು ಗೂಡಿನ ಬಾಯಿಗೆ ಹಲಗೆ ಬಡಿದು, ಅದರ ಮುಂದೆ ವಿದ್ಯುತ್ತಿನ ಇಲ್ಲವೆ ಅನಿಲದ ಕಾವುಪೆಟ್ಟಿಗೆಯನ್ನಿಟ್ಟರು. ಕೆಲಸವು ಸುಲಭವೇ, ಆದರೆ ಬೆಂಕಿ ಆರಿದರೂ ಹೊಗೆಗೂಡಿನ ವ್ಯಾಪಾರವು ಆರುವುದಿಲ್ಲವೆಂಬುದನ್ನು ಅವರು ಗಣಿಸಲಿಲ್ಲ. ಮೇಲಿನಿಂದ ಮಳೆ ಇಳಿಯುವುದು. ಗಾಳಿಯಾಡದ ಕೊಳವೆಯಲ್ಲಿ ತೇವ ನಿಲ್ಲುವುದು. ತಲೆಮಾರುಗಳ ಮಸಿಯಲ್ಲಿರುವ ಲವಣಗಳು ಆ ತೇವವನ್ನು ಹೀರಿ, ಗೋಡೆಯ ಗಿಲಾವಿನ ಮೇಲೆ ಕಂದುಬಣ್ಣದ ಕಲೆಗಳಾಗಿ ಹೊರಡುವುವು. ಎಷ್ಟು ಸಲ ಸುಣ್ಣ ಬಳಿದರೂ ಆ ಕಲೆ ಮತ್ತೆ ಕಾಣುವುದು.

ಕೋಣೆಯು ಅಗಲವಾಗಲೆಂದು ಗೂಡನ್ನೇ ಕೆಡವಿದವರ ಅವಿವೇಕವು ಇನ್ನೂ ದೊಡ್ಡದು. ಕೆಳಗಿನದನ್ನು ತೆಗೆದು ಮೇಲಣ ಇಟ್ಟಿಗೆಯ ರಾಶಿಗೆ ಆಸರೆಯನ್ನು ಕೊಡದಿದ್ದರೆ ಅದು ಕುಸಿಯುವುದಲ್ಲದೆ ಮತ್ತೇನು? ಸಾಲುಮನೆಗಳಲ್ಲಿ ಅದೇ ಸ್ತಂಭದಲ್ಲಿ ನೆರೆಯವನ ಹೊಗೆಯ ದಾರಿಯೂ ಇರುವುದುಂಟು. ಎರಡು ಮನೆಗಳ ನಡುಗೋಡೆಯನ್ನು ಮುಟ್ಟುವವನು ನೆರೆಯವನಿಗೆ ಮುಂಚೆ ತಿಳಿಸಬೇಕೆಂದು 1996ರ ಶಾಸನವು ಕಟ್ಟುಮಾಡಿದೆ.

ಬಳಿಕ ಹಲಗೆಗಳನ್ನು ಕಿತ್ತ ಕೆಲವರಿಗೆ ಹಿಂದೆ ಎರಕದ ಕಬ್ಬಿಣದ ಚೌಕಟ್ಟೂ ಬಣ್ಣದ ಬಿಲ್ಲೆಗಳೂ ಮುಕ್ಕಾಗದೆ ದೊರೆತವು. ಅವುಗಳಲ್ಲಿ ಮತ್ತೆ ಉರಿ ಹಾಕಬಯಸುವವನು ಮಸಿಯನ್ನು ತೆಗೆಸಿ, ಕೊಳವೆಯ ಬಿರುಕುಗಳನ್ನು ಪರೀಕ್ಷಿಸಬೇಕು. ಗೃಹಬಳಕೆಗೆ ಸಾಂಪ್ರದಾಯಿಕ ಕಲ್ಲಿದ್ದಲಿನ ಮಾರಾಟವೂ 2023ರಿಂದ ಇಂಗ್ಲೆಂಡಿನಲ್ಲಿ ನಿಷಿದ್ಧವಾಗಿದೆ. ಉರಿಯು ಬೇಡವಾದವನಿಗೆ ಸಾಕಾದುದು ಇಷ್ಟೆ: ಕೆಳಗೆ ಮುಚ್ಚಿದ ಹಲಗೆಯಲ್ಲಿ ಜಾಲರಿಯ ಒಂದು ಗಾಳಿಗಂಡಿ, ಮೇಲೆ ಮಳೆಯನ್ನು ತಡೆದು ಗಾಳಿಯನ್ನು ಬಿಡುವ ಒಂದು ಮುಚ್ಚಳ.