ಮೂರು ಮಹಡಿಯ ಚದುರಂಗ

ನಮ್ಮ ಮನೆಯ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳ ಪಕ್ಕದಲ್ಲಿ, ಹಳೇ ಸೀರೆಯಲ್ಲಿ ಸುತ್ತಿಟ್ಟ ವಸ್ತುವೊಂದಿದೆ. ವರ್ಷಕ್ಕೊಮ್ಮೆ ದಸರೆಯ ಬೊಂಬೆ ಪೆಟ್ಟಿಗೆ ಇಳಿಸುವಾಗ ಅದೂ ಇಳಿಯುತ್ತದೆ. ನೋಡಿದವರು, "ಇದೇನ್ರೀ, ಬೊಂಬೆ ಕೂರಿಸೋ ಪುಟ್ಟ ಮೆಟ್ಟಿಲಾ?" ಎಂದು ಕೇಳುತ್ತಾರೆ. ಮೂರು ಹಲಗೆಗಳು ಮೆಟ್ಟಿಲಿನಂತೆಯೇ ಒಂದರ ಮೇಲೊಂದು ಏರುತ್ತವೆ. ಮೂಲೆಗಳಲ್ಲಿ ಅಂಗೈಯಗಲದ ನಾಲ್ಕು ಪುಟ್ಟ ಹಲಗೆಗಳು. "ಅಲ್ಲ, ಇದು ಚದುರಂಗದ ಮಣೆ" ಎಂದರೆ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅದರ ಕಥೆ ಪೂರ್ತಿ ನಗುವ ಕಥೆಯಲ್ಲ.

1980ರ ದಶಕದ ನಡುವಿನ ವರ್ಷಗಳು. ಮೈಸೂರಿನ ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಮೂರೋ ನಾಲ್ಕೋ ಮನೆಗಳಲ್ಲಿ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಅಮೆರಿಕದ ಧಾರಾವಾಹಿ ಬರುತ್ತಿತ್ತು. ಆಕಾಶನೌಕೆ, ಅದರ ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್. ಅವರ ಇಂಗ್ಲಿಷ್ ನನಗೆ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧ, ಒಲೆಯ ಮೇಲಿನ ದೋಸೆ ಸೀಯುವ ವಾಸನೆಗೆ ಎದ್ದು ಓಡುವುದರಲ್ಲಿ ತಪ್ಪಿಹೋಗುತ್ತಿತ್ತು. ಹನ್ನೊಂದು ವರ್ಷದ ಮಗಳು ಪುಟ್ಟಿ ಮಾತ್ರ ಕಣ್ಣು ಕೀಳುತ್ತಿರಲಿಲ್ಲ. ಒಂದು ಭಾನುವಾರ ಅವಳು ಕೂಗಿದ್ದು ಅಡುಗೆಮನೆಗೆ ಕೇಳಿಸಿತು: "ಅಮ್ಮಾ, ಬೇಗ ಬಾ! ಚೆಸ್ ಆಡ್ತಿದ್ದಾರೆ, ಮೇಲೆ ಕೆಳಗೆ ಆಡ್ತಿದ್ದಾರೆ!" ಸೌಟು ಹಿಡಿದೇ ಬಂದು ನೋಡಿದೆ. ಗಾಳಿಯಲ್ಲಿ ತೇಲುವಂತಿದ್ದ ಹಲಗೆಗಳ ಮೇಲೆ ಕಾಯಿಗಳು. ಮರುಕ್ಷಣವೇ ಚಿತ್ರ ಬದಲಾಯಿತು.

ಪುಟ್ಟಿಗೆ ಚದುರಂಗ ಕಲಿಸಿದವರು ನಮ್ಮ ಮಾವನವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ಸಂಜೆ ಜಗಲಿಯ ಮೇಲೆ ಮಣೆ ಹಾಸಿ ಕೂತರೆ ಬೀದಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಸೋತು ಹೋಗುತ್ತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಆ ಆಟಕ್ಕೆ ಕಾಫಿ ಕೊಟ್ಟವಳೇ ಹೊರತು ಕೂತು ಆಡಿದವಳಲ್ಲ. ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಲೋಟ ಇಡುವಾಗ, ತೆಗೆಯುವಾಗ ನೋಡಿ ನೋಡಿ, ಆನೆ ನೇರ, ಒಂಟೆ ಓರೆ, ಕುದುರೆ ಎರಡೂವರೆ ಮನೆ ಎಂಬಷ್ಟು ತಿಳಿದಿತ್ತು.

ಆ ವರ್ಷ ಪುಟ್ಟಿ ತಾತನನ್ನು ಸೋಲಿಸತೊಡಗಿದಳು. ಮೊದಲ ಸಲ ಮನೆಯಲ್ಲಿ ಸಂಭ್ರಮ, ಪಾಯಸ ಮಾಡಿದ್ದೆ. ಎರಡನೇ ಸಲ, ಮೂರನೇ ಸಲ, ಐದನೇ ಸಲ. ಒಂದು ರಾತ್ರಿ ಜಡೆ ಹೆಣೆಸಿಕೊಳ್ಳುತ್ತಾ ಅವಳು ಸಿಟ್ಟಿನಿಂದ ಹೇಳಿದಳು: "ತಾತ ಬೇಕಂತಲೇ ಸೋಲ್ತಾರೆ ಅಮ್ಮ. ನಂಗೆ ಬೇಡ ಆ ಆಟ." ಬೇಕೆಂದೇ ಸೋಲುವ ಮನುಷ್ಯರಲ್ಲ ಅವರು. ಮಾರನೇ ದಿನ ಕಾಫಿ ಕೊಡುವ ನೆಪದಲ್ಲಿ ಸ್ವಲ್ಪ ಹೊತ್ತು ನಿಂತೆ. ಕೈ ಕುದುರೆಯ ಮೇಲೆ ಹೋಯಿತು, ಎತ್ತಿತು, ಅಲ್ಲೇ ನಿಂತಿತು. ಅದು ಹೇಗೆ ನಡೆಯುತ್ತದೆಂಬುದು ಆ ಕ್ಷಣ ಅವರಿಗೆ ಹೊಳೆಯಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು. ಆ ವಾರದಿಂದ ಜಗಲಿಯ ಮೇಲೆ ಮಣೆ ಹಾಸುವುದು ನಿಂತಿತು. ಯಾರಾದರೂ ಬಂದರೆ "ಕಣ್ಣು ಸರಿಯಿಲ್ಲ" ಎನ್ನುತ್ತಿದ್ದರು. ವೈದ್ಯರು "ವಯಸ್ಸಾಯಿತಲ್ಲ, ಮರೆವು" ಎಂದರು. ಬೀದಿಗೆಲ್ಲ ಲೆಕ್ಕ ಹೇಳಿಕೊಟ್ಟವರಿಗೆ ಮರೆವು ಎಂದರೆ ಮಾನದ ಪ್ರಶ್ನೆ ಎಂಬುದು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಈ ನಡುವೆ ಪುಟ್ಟಿ ಅಮೆರಿಕದಲ್ಲಿದ್ದ ಚಿಕ್ಕಪ್ಪನಿಗೆ, ಆ ಮೂರು ಮಹಡಿಯ ಚೆಸ್ ಎಲ್ಲಿ ಸಿಗುತ್ತದೆ ಎಂದು ಕೇಳಿ ಪತ್ರ ಬರೆದಳು. ಎರಡು ತಿಂಗಳಾದ ಮೇಲೆ ದಪ್ಪ ಲಕೋಟೆ ಬಂತು. ಒಳಗೆ ಜೆರಾಕ್ಸ್ ಮಾಡಿದ ಚಿತ್ರಗಳು, ನಿಯಮಗಳ ಹಾಳೆಗಳು, ಜೊತೆಗೆ ನನಗೊಂದು ಚೀಟಿ: "ಅತ್ತಿಗೆ, ಇದನ್ನು ಇಲ್ಲಿ ಜನ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಒಬ್ಬ ಬಡಗಿ ಸಾಕು."

ಆ ಆಟದ ಹಿಂದಿನ ಕಥೆಯನ್ನು ನಾನು ಆಮೇಲೆ ಬಿಡುವಾದಾಗಲೆಲ್ಲ ಹುಡುಕಿ ಓದಿದೆ. ಚದುರಂಗ ನಮ್ಮ ದೇಶದಲ್ಲೇ ಹುಟ್ಟಿ, ಪರ್ಷಿಯಾ ದಾಟಿ, ಅರಬರ ಜೊತೆ ಯೂರೋಪು ಸೇರಿದ್ದು ಎಲ್ಲರಿಗೂ ಗೊತ್ತು. ಒಂದೊಂದೇ ಮನೆ ಓರೆಯಾಗಿ ಸರಿಯುತ್ತಿದ್ದ ನಮ್ಮ ಮಂತ್ರಿ ಅಲ್ಲಿ ರಾಣಿಯಾಗಿ, 15ನೇ ಶತಮಾನದ ಕೊನೆಯ ಹೊತ್ತಿಗೆ ಮಣೆಯ ಮೇಲಿನ ಅತಿ ಬಲಶಾಲಿ ಕಾಯಿಯಾದಳು. ಇಷ್ಟೆಲ್ಲ ಆದರೂ ಆಟ ನೆಲ ಬಿಟ್ಟು ಮೇಲೇಳಲಿಲ್ಲ. ಮೇಲೇಳಿಸಲು ಹೊರಟವರಲ್ಲಿ ಒಬ್ಬ ಲಿಯೊನೆಲ್ ಕೀಸೆರಿಟ್ಸ್ಕಿ, ಪ್ಯಾರಿಸ್ಸಿನ ಕಾಫಿ ಹೌಸಿನಲ್ಲಿ ಚದುರಂಗ ಕಲಿಸಿ ಬದುಕುತ್ತಿದ್ದ ಆಟಗಾರ. 1851ರಲ್ಲಿ ಅವನು ಎಂಟರ ಮೇಲೆ ಎಂಟು ಹಲಗೆ ಜೋಡಿಸಿ 512 ಮನೆಗಳ ಚದುರಂಗ ಕಟ್ಟಿದ. ತಲೆಯಲ್ಲಿ ಅಷ್ಟು ಮನೆ ಇಟ್ಟುಕೊಳ್ಳುವುದು ಯಾರಿಂದ ಸಾಧ್ಯ? ಅದು ಹಿಡಿಯಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಅವನು ಆಂಡರ್ಸನ್ ಎಂಬುವನ ಎದುರು ಸೋತ ಒಂದು ಮಾಮೂಲಿ ಆಟ 'ಅಮರ ಆಟ' ಎಂದು ಹೆಸರಾಯಿತು. ಪಾಪ, ಜನ ಅವನನ್ನು ನೆನೆಯುವುದು ಸೋತದ್ದಕ್ಕೇ.

ಆಮೇಲೆ ಬಂದವರು ಜರ್ಮನಿಯ ಹ್ಯಾಂಬರ್ಗಿನ ವೈದ್ಯ ಫರ್ಡಿನಾಂಡ್ ಮಾಕ್. ಯುದ್ಧ ಈಗ ನೆಲದ ಮೇಲಷ್ಟೇ ಅಲ್ಲ, ಆಕಾಶದಿಂದಲೂ ನೀರಿನಡಿಯಿಂದಲೂ ಬರಬಹುದು, ಯುದ್ಧದ ಆಟವೂ ಹಾಗೇ ಇರಬೇಕು ಎಂಬುದು ಅವರ ವಾದ. ಅವರ 1907ರ ಆಟದಲ್ಲಿ ಐದು ಹಲಗೆ, ಒಂದೊಂದರಲ್ಲಿ 25 ಮನೆ, ಒಟ್ಟು 125. ಘನದ ಮೂಲೆಯಿಂದ ಮೂಲೆಗೆ ತೂರಿ ಹೋಗುವ 'ಒಂಟಿಕೊಂಬಿನ ಕುದುರೆ' ಎಂಬ ಹೊಸ ಕಾಯಿಯನ್ನೂ ಸೇರಿಸಿದರು. 1919ರಲ್ಲಿ ಹ್ಯಾಂಬರ್ಗಿನಲ್ಲಿ ಈ ಆಟಕ್ಕೆಂದೇ ಒಂದು ಸಂಘ ಹುಟ್ಟಿ, ಎರಡನೇ ಮಹಾಯುದ್ಧದವರೆಗೂ ನಡೆಯಿತು.

ಇವೆಲ್ಲ ನಿಯಮ ಮೊದಲು, ಮಣೆ ಆಮೇಲೆ ಎಂಬಂತೆ ಹುಟ್ಟಿದವು. ಟೀವಿಯ ಆಟದ್ದು ತದ್ವಿರುದ್ಧ. 'ಸ್ಟಾರ್ ಟ್ರೆಕ್' ಅಮೆರಿಕದಲ್ಲಿ 1966ರಿಂದ 1969ರವರೆಗೆ ಬಂದ ಧಾರಾವಾಹಿ. ಮುಂದಿನ ಶತಮಾನಗಳ ಜನ ಹೇಗೆ ಚದುರಂಗ ಆಡುತ್ತಾರೆಂದು ತೋರಿಸಲು ಅವರಿಗೊಂದು ವಸ್ತು ಬೇಕಿತ್ತು. ಅಂಗಡಿಯಲ್ಲಿ ಮಾರುತ್ತಿದ್ದ, ಅಂತಸ್ತು ಅಂತಸ್ತಾದ ಚೆಕರ್ಸ್ ಮತ್ತು ಟಿಕ್ ಟ್ಯಾಕ್ ಟೋ ಆಟಿಕೆಗಳ ಹಲಗೆಗಳನ್ನೇ ಸೇರಿಸಿದರು. ಪೀಟರ್ ಗನೀನ್ ಎಂಬ ಶಿಲ್ಪಿ 1961ರಲ್ಲಿ ರೂಪಿಸಿದ್ದ ಹೊಸ ನಮೂನೆಯ ಕಾಯಿಗಳನ್ನು ಮೇಲೆ ಜೋಡಿಸಿದರು. ಮುಗಿಯಿತು. ನಿಯಮವೆಂಬುದೇ ಇರಲಿಲ್ಲ. ನಟರು ಗಂಭೀರ ಮುಖ ಮಾಡಿ ಕೈಗೆ ಬಂದ ಕಾಯಿ ಎತ್ತಿಡುತ್ತಿದ್ದರು. ನಮ್ಮ ನಾಟಕಗಳಲ್ಲಿ ಖಾಲಿ ಲೋಟ ಎತ್ತಿ ಕಾಫಿ ಕುಡಿಯುವುದಿಲ್ಲವೇ, ಹಾಗೆ.

ಖಾಲಿ ಲೋಟಕ್ಕೆ ಕಾಫಿ ಸುರಿದವರು ನೋಡುಗರು. ಫ್ರಾಂಜ್ ಜೋಸೆಫ್ ಎಂಬುವರು ವಿಮಾನ ಕಾರ್ಖಾನೆಯಲ್ಲಿ ವಿನ್ಯಾಸಕರಾಗಿದ್ದವರು. ಅವರ ಮಗಳಿಗೆ ಈ ಧಾರಾವಾಹಿಯ ಹುಚ್ಚು. ಮಗಳೂ ಅವಳ ಸ್ನೇಹಿತರೂ ನೌಕೆಯ ಸಾಮಾನುಗಳ ನಕಲು ಮಾಡುತ್ತಿದ್ದುದನ್ನು ನೋಡಿ, ಮಾಡುವುದಾದರೆ ಸರಿಯಾಗಿ ಮಾಡಿ ಎಂಬಂತೆ ಅವರೇ ನಕ್ಷೆ ಬರೆಯಲು ಕೂತರು. ಅದು ಬೆಳೆದು 1975ರಲ್ಲಿ ದೊಡ್ಡ ಪುಸ್ತಕವಾಯಿತು. ಅದರಲ್ಲಿ ಈ ಚದುರಂಗದ ಮಣೆಯ ಚಿತ್ರ, ಆಟದ ಮೊದಲಿಗೆ ಕಾಯಿಗಳನ್ನು ಇಡುವ ಕ್ರಮ ಎರಡೂ ಇದ್ದವು. ಮರುವರ್ಷ ಆಂಡ್ರ್ಯೂ ಬಾರ್ಟ್‌ಮೆಸ್ ಎಂಬುವರು, ಜೋಸೆಫರ ಪ್ರೋತ್ಸಾಹದಿಂದಲೇ, ಪೂರ್ತಿ ನಿಯಮಗಳನ್ನು ಬರೆದರು. ಹೀಗೆ, ಆಡುವಂತೆ ನಟಿಸಲು ಮಾಡಿದ ವಸ್ತು ಹತ್ತು ವರ್ಷಗಳಲ್ಲಿ ನಿಜವಾಗಿ ಆಡುವ ಆಟವಾಯಿತು. ಅಪ್ಪ, ಮಗಳು ಎಂಬುದನ್ನು ಓದಿದಾಗ ನನಗೆ ಏಕೋ ಗಂಟಲು ಕಟ್ಟಿತು.

ನಮ್ಮಲ್ಲಿ ಮಗಳ ಹುಚ್ಚಿಗೆ ಬಲಿಯಾದವಳು ನಾನು. ಬಡಗಿಯನ್ನು ಕರೆಸಿ ಒಂದಡಿ ಚೌಕದ ಮೂರು ಪ್ಲೈವುಡ್ ಹಲಗೆ, ಅರ್ಧ ಅಡಿಯ ನಾಲ್ಕು ಹಲಗೆ ಕೊಯ್ಯಿಸಿದೆವು. ಅವನು ಕೂಲಿ ತೆಗೆದುಕೊಳ್ಳುವಾಗ "ಇದು ಯಾವ ದೇವರಿಗೆ ಅಮ್ಮಾ?" ಎಂದ. ಊಟದ ಹಳೇ ಮಣೆಯೊಂದು ಬುಡವಾಯಿತು, ಕಬ್ಬಿಣದ ಸರಳು ಕಂಬವಾಯಿತು. ನನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದ್ದ ಮರದ ದಾರದ ರೀಲುಗಳು ಪುಟ್ಟ ಹಲಗೆಗಳಿಗೆ ಕಾಲುಗಳಾದವು. ಎಲ್ಲ ಸೇರಿಸಿ ನಿಲ್ಲಿಸಿದ ಮರುಕ್ಷಣವೇ ಇಡೀ ಕಟ್ಟಡ ಮುಂದಕ್ಕೆ ಮುಗ್ಗರಿಸಿತು. ಹಲಗೆಗಳು ಮೆಟ್ಟಿಲಿನಂತೆ ಒಂದು ಕಡೆಗೇ ಚಾಚಿದರೆ ಭಾರವೆಲ್ಲ ಆ ಕಡೆಗೇ ತಾನೇ? ಬುಡದ ಹಿಂಬದಿಗೆ ಕುಟ್ಟಾಣಿ ಇಟ್ಟೆ. ನಿಂತಿತು.

ಮನೆಗಳಿಗೆ ಕಪ್ಪು ಬಣ್ಣ ಹಚ್ಚುವಾಗ ಮಾವನವರು ಬಂದು ಕೂತರು. ಬಹಳ ದಿನಗಳಾಗಿತ್ತು ಅವರು ಹಾಗೆ ತಾವಾಗಿ ಬಂದು. ಪೆನ್ಸಿಲ್ ತೆಗೆದುಕೊಂಡು ಪ್ರತಿ ಮನೆಯ ಮೂಲೆಯಲ್ಲೂ ಸಣ್ಣದಾಗಿ ಅಂಕಿ ಬರೆಯತೊಡಗಿದರು. ದೊಡ್ಡ ಹಲಗೆಗೆ ಹದಿನಾರು ಮನೆ, ಮೂರಕ್ಕೆ ನಲವತ್ತೆಂಟು. ಪುಟ್ಟ ಹಲಗೆಗೆ ನಾಲ್ಕು ಮನೆ, ನಾಲ್ಕಕ್ಕೆ ಹದಿನಾರು. ಕೊನೆಯದಕ್ಕೆ 64 ಎಂದು ಬರೆದು, "ಏನಮ್ಮಾ, ಮನೆ ಒಂದೂ ಕಳೆದಿಲ್ಲ. ಬರೀ ಮಹಡಿ ಕಟ್ಟಿದ್ದಾರೆ" ಎಂದರು.

ನೀವೂ ಒಮ್ಮೆ ಕಲ್ಪಿಸಿಕೊಳ್ಳಿ. ಕೆಳಗಿನ ಮಹಡಿ ಬಿಳಿಯವರದು, ಮೇಲಿನದು ಕಪ್ಪಿನವರದು, ನಡುವಿನದು ಯಾರದೂ ಅಲ್ಲ. ಒಂದು ಹಲಗೆಯ ಅರ್ಧದ ಮೇಲೆ ಇನ್ನೊಂದು ಹಲಗೆಯ ಅರ್ಧ ಬರುತ್ತದೆ. ಕುದುರೆ, ಒಂಟೆಗಳು ದೊಡ್ಡ ಹಲಗೆಯ ಮೇಲೆ. ರಾಜನಿಗೊಂದು, ರಾಣಿಗೊಂದು ಮೂಲೆಯ ಪುಟ್ಟ ಹಲಗೆ, ಕಾವಲಿಗೆ ಒಂದೊಂದು ಆನೆ. ಮೇಲಿನಿಂದ ಇಣುಕಿ ನೋಡಿದರೆ ಪ್ರತಿ ಕಾಯಿಯ ನಡೆಯೂ ಮಾಮೂಲಿ ಚದುರಂಗದ್ದೇ. ನಡೆಯುತ್ತಾ ಮಹಡಿ ಹತ್ತಬಹುದು, ಇಳಿಯಬಹುದು. ಇದ್ದ ಜಾಗದಿಂದ ಸೂರು ತೂರಿಕೊಂಡು ನೆಟ್ಟಗೆ ಮೇಲೇರುವಂತಿಲ್ಲ, ಅಷ್ಟೇ. ಎಲ್ಲಕ್ಕಿಂತ ವಿಚಿತ್ರವೆಂದರೆ, ಕಾಯಿಯ ಬದಲು ನಮ್ಮ ಖಾಲಿ ಪುಟ್ಟ ಹಲಗೆಯನ್ನೇ ಎತ್ತಿ ಪಕ್ಕದ ಮೂಲೆಗೆ ಸಿಕ್ಕಿಸಬಹುದು. ಅದೂ ಒಂದು ನಡೆ. ಸೈನ್ಯ ಸರಿಯುವುದನ್ನು ನೋಡಿದ್ದೇವೆ, ನೆಲವೇ ಸರಿಯುವ ಯುದ್ಧ ಇದು.

ಮೊದಲ ಆಟಕ್ಕೆ ಪುಟ್ಟಿಯ ಜೊತೆ ಕೂತವಳು ನಾನು. ಹಲಗೆಗಳ ನಡುವೆ ಕೈ ಹಾಕಿದರೆ ಬಳೆ ತಗುಲಿ ನಾಲ್ಕು ಕಾಲಾಳುಗಳು ಉರುಳಿದವು. ಬಳೆ ಮೊಣಕೈಗೆ ಏರಿಸಿ ಮತ್ತೆ ಶುರು ಮಾಡಿದೆ. ಮೇಲಿನಿಂದ ಒಂಟೆ ಬರುತ್ತಿರುವುದು ನನಗೂ ಕಾಣಲಿಲ್ಲ, ತನ್ನ ರಾಣಿ ಸಿಕ್ಕಿಬಿದ್ದದ್ದು ಅವಳಿಗೂ ಕಾಣಲಿಲ್ಲ. ಪ್ರತಿ ನಡೆಗೂ ಜೆರಾಕ್ಸ್ ಹಾಳೆ ತಿರುವುತ್ತಿದ್ದೆವು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಮಾವನವರು ಕೊನೆಗೆ, "ಸರಿ, ಸ್ವಲ್ಪ ಜರುಗು" ಎಂದು ನನ್ನ ಪಕ್ಕ ಕೂತರು.

ಆವತ್ತಿನಿಂದ ಸುಮಾರು ಎರಡು ವರ್ಷ ನಾವು ಮೂವರೂ ಆಡಿದೆವು. ಮಾವನವರು ಕುದುರೆ ಎತ್ತಿ ಅನುಮಾನಿಸಿದರೆ, "ಅಯ್ಯೋ ನನಗೂ ಮರೆತೇಹೋಯ್ತು, ಹಾಳೆ ನೋಡೋಣ" ಎನ್ನುತ್ತಿದ್ದೆ. ಅದರಲ್ಲಿ ಸುಳ್ಳಿರಲಿಲ್ಲ, ನನಗೆ ನಿಜವಾಗಿಯೂ ಮರೆತಿರುತ್ತಿತ್ತು. ಹಳೆಯ ಮಣೆಯ ಮುಂದೆ ಅವರು ಒಂದು ಮನೆ ತಪ್ಪಿದರೂ ಇಡೀ ಬೀದಿಗೆ ತಿಳಿಯುತ್ತಿತ್ತು, ಏಕೆಂದರೆ ಅಲ್ಲಿ ಅವರು ನಲವತ್ತು ವರ್ಷದ ಮೇಷ್ಟ್ರು. ಈ ಮಣೆಯ ಮುಂದೆ ಮೇಷ್ಟ್ರು ಯಾರೂ ಇರಲಿಲ್ಲ. ಮರೆಯುವುದು ಆಟದ ಭಾಗವಾಗಿತ್ತು. ಅದೇ ಕಾರಣಕ್ಕೆ, ಕಾಫಿ ಕೊಡುವುದಷ್ಟೇ ಗೊತ್ತಿದ್ದ ನನಗೂ ಅಲ್ಲಿ ಜಾಗ ಸಿಕ್ಕಿತು. ಒಂದು ಸಂಜೆ ನಾನು ಗೆದ್ದಾಗ ಅವರು ಒಳಗೆ ಹೋಗಿ ತಾವೇ ಕಾಫಿ ಬೆರೆಸಿ ತಂದರು. ಸಕ್ಕರೆ ಹಾಕಲು ಮರೆತಿದ್ದರು. ಮಾತಾಡದೆ ಕುಡಿದೆ. ಅಂಥ ಕಾಫಿ ಮತ್ತೆ ಕುಡಿದಿಲ್ಲ.

ಕೊನೆ ಕೊನೆಗೆ ಅವರಿಗೆ ಆಟ ಸಾಧ್ಯವಾಗುತ್ತಿರಲಿಲ್ಲ. ಪುಟ್ಟ ಹಲಗೆಗಳನ್ನು ಬಿಚ್ಚಿ ಬೇರೆ ಬೇರೆ ಮೂಲೆಗಳಿಗೆ ಸಿಕ್ಕಿಸುತ್ತಾ ಮಧ್ಯಾಹ್ನ ಕಳೆಯುತ್ತಿದ್ದರು. ಪುಟ್ಟಿ ಒಮ್ಮೆಯೂ "ಅದು ತಪ್ಪು ತಾತ" ಎನ್ನಲಿಲ್ಲ.

ಬಹಳ ವರ್ಷಗಳ ನಂತರ, ಆ ಧಾರಾವಾಹಿಯ 1967ರ ಕಂತೊಂದನ್ನು ಮಗಳು ತಂದು ತೋರಿಸಿದಳು. ಕ್ಯಾಪ್ಟನ್ನನ ಮೇಲೆ ಒಬ್ಬನ ಸಾವಿನ ಆರೋಪ. ನೌಕೆಯ ಕಂಪ್ಯೂಟರಿನ ದಾಖಲೆಯೇ ಸಾಕ್ಷಿ. ಸ್ಪಾಕ್ ಆ ಕಂಪ್ಯೂಟರಿನ ಜೊತೆ ಇದೇ ಚದುರಂಗ ಆಡುತ್ತಾನೆ. ಅದಕ್ಕೆ ಆಟ ಕಲಿಸಿದವನು ಅವನೇ, ಹಾಗಾಗಿ ಅವನು ಗೆಲ್ಲಲು ಸಾಧ್ಯವೇ ಇಲ್ಲ. ಆದರೂ ಮತ್ತೆ ಮತ್ತೆ ಗೆಲ್ಲುತ್ತಾನೆ. ಯಂತ್ರದ ನೆನಪನ್ನು ಯಾರೋ ಕೆಡಿಸಿದ್ದಾರೆಂದು ಆಗ ಬಯಲಾಗುತ್ತದೆ. ಮಗಳು ಟೀವಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾನು ಆವಾಗ ತಾತನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ, ಅಲ್ವಾ ಅಮ್ಮ?" ಎಂದಳು. "ನೀನೇ ಕಣೇ ಮೊದಲು ಕಂಡುಹಿಡಿದದ್ದು" ಎಂದೆ.

1994ರಲ್ಲಿ ಅಮೆರಿಕದ ಕಂಪನಿಯೊಂದು ಈ ಮಣೆಯನ್ನು ಚೆಂದವಾಗಿ ಮಾಡಿ ಮಾರಾಟಕ್ಕಿಟ್ಟಿತು. ಮೈದುನ ತರಲೇ ಎಂದು ಕೇಳಿದ; ಬೇಡವೆಂದೆ. ನಮ್ಮ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಆಟಗಳ ಚಿತ್ರಗಳಿವೆ. ಇದ್ದ ಆಟಗಳನ್ನೇ ಹಿಗ್ಗಿಸಿ, ತಿರುಚಿ, ಹೊಸ ಆಟ ಕಟ್ಟುವುದೆಂದರೆ ಆ ದೊರೆಗೆ ಪ್ರೀತಿ. ಆ ಗೋಡೆಯ ಮುಂದೆ ನಿಂತಾಗಲೆಲ್ಲ ಅನಿಸುತ್ತದೆ, ಹೊಸ ಆಟ ಕಟ್ಟುವ ಮನಸ್ಸು ದೊರೆಗಳಿಗೂ ಉಂಟು, ಹೊಲಿಗೆ ದಾರದ ರೀಲು ಕೂಡಿಟ್ಟವರಿಗೂ ಉಂಟು.

ಈ ದಸರೆಗೂ ಅದನ್ನು ಇಳಿಸಿ ಒರೆಸಿದೆ. ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿದೆ, ಒಂದು ರೀಲು ಸೀಳಿದೆ. ಮಾವನವರ ಪೆನ್ಸಿಲ್ ಅಂಕಿಗಳು ಮಾತ್ರ ಹಾಗೇ ಇವೆ. ಒಂದರಿಂದ ಶುರು ಮಾಡಿ ಬೆರಳಿಟ್ಟು ಎಣಿಸಿದೆ. ಅರವತ್ತನಾಲ್ಕೂ ಇವೆ.