ನೂರು ರೂಪಾಯಿಯ ಕಡಿತ

ನಮ್ಮ ತಾಯಿಯವರು ಖರ್ಚಿನ ಪುಸ್ತಕ ಬರೆಯುತ್ತಿದ್ದರು. ಉದ್ದನೆಯ ರಟ್ಟಿನ ಪುಸ್ತಕ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ತಂದೆಯವರು ಕಬ್ಬಿಣದ ಕಾರ್ಖಾನೆಯ ನೌಕರರು. ಸಂಬಳದ ದಿನ ಅವರು ಲಕೋಟೆಯನ್ನು ದೇವರ ಮುಂದಿಟ್ಟು, ಇಂಥಿಂಥದಕ್ಕೆ ಇಷ್ಟಿಷ್ಟು ಎಂದು ಹೇಳುವರು. ಅಮ್ಮ ಬರೆದುಕೊಳ್ಳುವರು. ಬರೆಯುತ್ತ ಬರೆಯುತ್ತಲೇ “ಈ ತಿಂಗಳು ನಿಮ್ಮ ಬೀಡಾ ಲೆಕ್ಕದಲ್ಲಿ ಐದು ರೂಪಾಯಿ ಕಡಿಮೆ ಮಾಡಿದೀನಿ ಕಣ್ರೀ” ಎನ್ನುವರು. ತಂದೆಯವರು ನಕ್ಕು ಸುಮ್ಮನಾಗುತ್ತಿದ್ದರು. ಅಮ್ಮನಿಗೆ ಕಡಿಮೆ ಮಾಡುವ ಅಧಿಕಾರವಿತ್ತು, ಹೆಚ್ಚು ಮಾಡುವ ಅಧಿಕಾರವಿರಲಿಲ್ಲ. ಇದು ನನಗೆ ಆಗ ತಮಾಷೆಯಾಗಿ ಕಂಡಿತ್ತು. ಮುಂದೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಸಂವಿಧಾನದ 113ನೇ ವಿಧಿಯನ್ನು ಓದಿದಾಗ ಅಮ್ಮನ ಪುಸ್ತಕವೇ ಕಣ್ಣಮುಂದೆ ಬಂತು. ಅಲ್ಲಿಯೂ ಅದೇ ಮಾತು. ಸರ್ಕಾರ ಕೇಳಿದ ಹಣವನ್ನು ಲೋಕಸಭೆ ಕೊಡಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು. ಹೆಚ್ಚು ಮಾಡುವಂತಿಲ್ಲ.

ಫೆಬ್ರವರಿಯ ಕೊನೆಯ ದಿನ ಬಂತೆಂದರೆ ನಮ್ಮ ಸಾಲಿನ ಮನೆಗಳಲ್ಲೆಲ್ಲ ರೇಡಿಯೋದ ಸದ್ದು. ಆಗ ಕೇಂದ್ರದ ಆಯವ್ಯಯವನ್ನು ಸಂಜೆ ಐದು ಗಂಟೆಗೆ ಮಂಡಿಸುತ್ತಿದ್ದರು. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ ಅದು. 1999ರಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬದಲಾಯಿತು. ರಾತ್ರಿಯ ವಾರ್ತೆಯಲ್ಲಿ ಯಾವುದು ತುಟ್ಟಿ, ಯಾವುದು ಅಗ್ಗ ಎಂಬುದು ತಿಳಿಯುತ್ತಿತ್ತು. ಅಮ್ಮನಿಗೆ ಸೀಮೆಎಣ್ಣೆಯ ಚಿಂತೆ, ತಂದೆಯವರಿಗೆ ಉಕ್ಕಿನ ಚಿಂತೆ. “ದೆಹಲಿಯಲ್ಲಿ ಒಂದು ಗೆರೆ ಎಳೆದರೆ ನಮ್ಮೂರಲ್ಲಿ ಒಂದು ಒಲೆ ಆರುತ್ತದಮ್ಮ” ಎಂದು ಒಮ್ಮೆ ಹೇಳಿದ್ದರು. ಆ ಮಾತಿನ ತೂಕ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಸರ್ಕಾರದ ಲೆಕ್ಕವನ್ನು ಪ್ರಜೆಗಳ ಮುಂದಿಡುವುದು ನಮ್ಮ ಸೀಮೆಗೆ ಹೊಸದಲ್ಲ. 1881ರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷರ ಆಡಳಿತದಿಂದ ಒಡೆಯರ ಕೈಗೆ ಮರಳಿದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಆ ಅಕ್ಟೋಬರಿನ ದಸರೆಯ ಸಂದರ್ಭದಲ್ಲಿ ಮೈಸೂರಿನಲ್ಲಿ ಸೇರಿದ ಮೊದಲ ಸಭೆಗೆ 144 ಮಂದಿ ಬಂದಿದ್ದರು. ಎಲ್ಲ ಜಿಲ್ಲೆಗಳಿಂದ ರೈತರೂ ವರ್ತಕರೂ ಗಾಡಿ ಕಟ್ಟಿಕೊಂಡು ಹೋದ ಕಾಲ. ನಮ್ಮ ಮಲೆನಾಡಿನಿಂದ ಘಟ್ಟದ ದಾರಿ ಹಿಡಿದು ಮೈಸೂರು ಸೇರುವುದೆಂದರೆ ಸಾಮಾನ್ಯವೇ? ಆದರೆ ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ದಿವಾನರು ವರ್ಷದ ಉತ್ಪತ್ತಿ, ಖರ್ಚು, ಮಳೆ, ಬೆಳೆ, ಕೆರೆ, ರಸ್ತೆ ಎಲ್ಲದರ ವರದಿ ಓದುವರು; ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಅಹವಾಲು ಹೇಳಿಕೊಳ್ಳುವರು. ಮೊದಲು ಸರ್ಕಾರವೇ ಆರಿಸಿ ಕರೆಸುತ್ತಿತ್ತು, 1891ರಿಂದ ಚುನಾವಣೆ ಬಂತು. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರ ಸುಧಾರಣೆಯಲ್ಲಿ ಈ ಎರಡನೆಯ ಸಭೆಗೆ ಅನುದಾನದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರವೂ ದೊರೆಯಿತು. ಕೇಳಿಸಿಕೊಳ್ಳುವುದರಿಂದ ಪ್ರಶ್ನೆ ಕೇಳುವುದಕ್ಕೆ, ಅಲ್ಲಿಂದ ಮತ ಹಾಕುವುದಕ್ಕೆ ಬರಲು ನಲವತ್ತೆರಡು ವರ್ಷ ಹಿಡಿಯಿತು.

ಅದೇ 1923 ನಮ್ಮೂರಿಗೂ ಮುಖ್ಯವಾದ ವರ್ಷ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ, 1918ರಲ್ಲಿ ಕೈಗೆತ್ತಿಕೊಂಡ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು ಆಗಲೇ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯ ಇದ್ದಿಲು, ಭದ್ರೆಯ ನೀರು. ಸಂಸ್ಥಾನದ ಬೊಕ್ಕಸದಿಂದ ಸುರಿದ ಹಣವೂ ಅಷ್ಟೇ ದೊಡ್ಡದು. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟದಲ್ಲಿ ನಡೆಯಿತು. ಪ್ರಜೆಗಳ ತೆರಿಗೆಯನ್ನು ಹೀಗೆ ಕುಲುಮೆಗೆ ಹಾಕುವುದು ಸರಿಯೇ ಎಂಬ ಟೀಕೆ ಎದ್ದಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಬಂದು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ನಿಂತು ಕಾರ್ಖಾನೆಯನ್ನು ದಡ ಸೇರಿಸಿದರು. ಹುಟ್ಟಿದ ದಿನದಿಂದಲೇ ನಮ್ಮೂರು ಆಯವ್ಯಯದ ಚರ್ಚೆಯೊಳಗಿದೆ ಎಂದು ನಾನು ಮಕ್ಕಳಿಗೆ ಹೇಳುವುದುಂಟು. ಆ ಟೀಕೆ ಮಾಡಿದವರನ್ನು ನಾನು ದೂರುವುದಿಲ್ಲ. ಲೆಕ್ಕ ಕೇಳುವವರಿದ್ದುದರಿಂದಲೇ ಲೆಕ್ಕ ಸರಿಹೋಗುವ ದಾರಿಯೂ ಹುಡುಕಲ್ಪಟ್ಟಿತು ಎಂದು ನನ್ನ ಭಾವನೆ.

ಸ್ವಾತಂತ್ರ್ಯ ಬಂದ ಮೇಲೆ ಲೆಕ್ಕ ಕೇಳುವ ದೊಡ್ಡ ಮನೆ ದೆಹಲಿಗೆ ಹೋಯಿತು. ಮೊದಲ ಲೋಕಸಭೆ 1952ರ ಮೇ 13ರಂದು ಸೇರಿತು. ಅಲ್ಲಿ ನಮ್ಮ ಜಿಲ್ಲೆಯ ದನಿ ವಿಶೇಷವಾಗಿ ಕೇಳಿದ್ದು 1967ರಲ್ಲಿ ಆರಿಸಿಹೋದ ಜೆ.ಎಚ್. ಪಟೇಲರಿಂದ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಚನ್ನಗಿರಿ ಆಗ ಶಿವಮೊಗ್ಗ ಜಿಲ್ಲೆಗೇ ಸೇರಿತ್ತು. ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗದ ಸದಸ್ಯರಾಗಿ ಹೋದ ಅವರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳಲಾರದವರಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅವಕಾಶ ಕೊಡಬಹುದೆಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. ಇಂಗ್ಲಿಷ್ ಬಲ್ಲ ಪಟೇಲರು ಬೇಕೆಂದೇ ಕನ್ನಡವಾಡಿದರೆಂದು ನಮ್ಮ ಕಡೆಯ ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ಮನೆಯ ಲೆಕ್ಕವನ್ನು ಮನೆಯ ಮಾತಿನಲ್ಲಿ ಕೇಳುವುದರಲ್ಲಿ ಒಂದು ನ್ಯಾಯವಿದೆಯಲ್ಲವೇ?

ಇನ್ನು ಲೋಕಸಭೆಯ ದಿನಚರಿಯ ವಿಷಯ. ಬೆಳಿಗ್ಗೆ ಹನ್ನೊಂದಕ್ಕೆ ಪ್ರಶ್ನೋತ್ತರ ವೇಳೆ. ಸದಸ್ಯರು ಕನಿಷ್ಠ ಹದಿನೈದು ದಿನ ಮುಂಚೆ ಪ್ರಶ್ನೆ ಬರೆದು ಕೊಟ್ಟಿರಬೇಕು. ಚೀಟಿ ಎತ್ತಿದ ಹಾಗೆ ಆರಿಸಿ, ದಿನಕ್ಕೆ ಇಪ್ಪತ್ತು ಪ್ರಶ್ನೆಗಳಿಗೆ ಚುಕ್ಕೆ ಗುರುತು ಹಾಕುತ್ತಾರೆ. ಅವಕ್ಕೆ ಮಂತ್ರಿಗಳು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆಯಿಲ್ಲದ ಪ್ರಶ್ನೆಗಳಿಗೆ ಲಿಖಿತ ಉತ್ತರ. ಹನ್ನೆರಡು ಗಂಟೆಗೆ ಶೂನ್ಯ ವೇಳೆ. ನಿಯಮಗಳ ಪುಸ್ತಕದಲ್ಲಿ ಈ ಹೆಸರೇ ಇಲ್ಲ, ಆದರೂ ಊರಿನ ತುರ್ತು ಸಂಗತಿಗಳು ಸದನದ ಕಿವಿಗೆ ಬೀಳುವುದು ಇಲ್ಲೇ. ಅನಂತರ ಕಾಗದಪತ್ರಗಳ ಮಂಡನೆ, ಮಸೂದೆಗಳು, ಚರ್ಚೆಗಳು. ಶುಕ್ರವಾರ ಮಧ್ಯಾಹ್ನದ ಮೇಲೆ ಖಾಸಗಿ ಸದಸ್ಯರ ಸರದಿ. ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಪಾಲು ಇಲ್ಲದಿದ್ದರೆ ಸಭೆ ನಡೆಯುವಂತಿಲ್ಲ. ನಮ್ಮ ಶಾಲೆಯ ವೇಳಾಪಟ್ಟಿಗಿಂತ ಬಿಗಿಯಾದದ್ದೇ. ಪಾಲಿಸುವ ವಿಷಯ ಬೇರೆ.

ಹಣದ ವಿಷಯಕ್ಕೆ ಬಂದರೆ ಕ್ರಮ ಇನ್ನೂ ನಾಜೂಕು. ಆಯವ್ಯಯ ಮಂಡನೆಯಾದ ಮೇಲೆ ಮೊದಲು ಸಾಮಾನ್ಯ ಚರ್ಚೆ. ಆಮೇಲೆ ಸದನಕ್ಕೆ ಕೆಲವು ವಾರ ಬಿಡುವು. ಆ ಹೊತ್ತಿನಲ್ಲಿ ಸ್ಥಾಯೀ ಸಮಿತಿಗಳು ಒಂದೊಂದು ಇಲಾಖೆಯ ಬೇಡಿಕೆಯನ್ನೂ ಜಾಲಿಸಿ ನೋಡುತ್ತವೆ. 1993ರಲ್ಲಿ ಬಂದ ಒಳ್ಳೆಯ ಏರ್ಪಾಡು ಇದು. ಅನಂತರ ಲೋಕಸಭೆಯಲ್ಲಿ ಬೇಡಿಕೆಗಳ ಚರ್ಚೆ, ಮತ. ಅವೆಲ್ಲವನ್ನೂ ಸೇರಿಸಿ ಧನವಿನಿಯೋಗ ಮಸೂದೆ. ಅದಕ್ಕೆ ಒಪ್ಪಿಗೆ ದೊರೆಯದೆ ಸಂಚಿತ ನಿಧಿಯಿಂದ ಒಂದು ಕಾಸನ್ನೂ ತೆಗೆಯುವಂತಿಲ್ಲ. ತೆರಿಗೆಗಳಿಗೆ ಹಣಕಾಸು ಮಸೂದೆ. ರಾಜ್ಯಸಭೆ ಹದಿನಾಲ್ಕು ದಿನಗಳೊಳಗೆ ಸಲಹೆ ಕೊಡಬಹುದು, ತಡೆಯಲಾರದು. ಹಿಂದೆ ಇದೆಲ್ಲ ಮಾರ್ಚಿಯೊಳಗೆ ಮುಗಿಯದೆ ಲೇಖಾನುದಾನ ಪಡೆದು ಮೇ ತನಕ ಎಳೆಯುತ್ತಿತ್ತು. 2017ರಿಂದ ಮಂಡನೆಯನ್ನು ಫೆಬ್ರವರಿ 1ಕ್ಕೆ ತಂದು, 1924ರಿಂದ ಪ್ರತ್ಯೇಕವಾಗಿದ್ದ ರೈಲ್ವೆ ಆಯವ್ಯಯವನ್ನೂ ಅದರಲ್ಲೇ ಸೇರಿಸಿದರು. ಖರ್ಚಾದ ಮೇಲಿನ ಲೆಕ್ಕವನ್ನು ಮಹಾಲೇಖಪಾಲರ ವರದಿಯ ಆಧಾರದಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರೀಕ್ಷಿಸುತ್ತದೆ. 1967ರಿಂದ ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ಸಂಪ್ರದಾಯ ಬೆಳೆದಿದೆ.

ಈ ಎಲ್ಲದರ ನಡುವೆ ನನ್ನ ಮನಸ್ಸಿಗೆ ಹಿಡಿಸಿದ್ದು ಕಡಿತ ಸೂಚನೆ. ಅದರಲ್ಲಿ ಮೂರು ಬಗೆ. ಇಲಾಖೆಯ ನೀತಿಯೇ ತಪ್ಪೆನ್ನುವವರು ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿರೆಂದು ಸೂಚಿಸುತ್ತಾರೆ. ದುಂದನ್ನು ತಡೆಯಬೇಕೆನ್ನುವವರು ಇಂತಿಷ್ಟು ಮೊತ್ತ ಕಡಿಮೆ ಮಾಡಿ ಎನ್ನುತ್ತಾರೆ. ಮೂರನೆಯದು ಸಾಂಕೇತಿಕ: ಸಾವಿರಾರು ಕೋಟಿಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡಿ. ನೂರು ರೂಪಾಯಿಯಿಂದ ಯಾರ ಬೊಕ್ಕಸವೂ ಬರಿದಾಗದು. ಒಂದು ಊರಿನ, ಒಂದು ಗುಂಪಿನ ನಿರ್ದಿಷ್ಟ ಕುಂದುಕೊರತೆಯನ್ನು ಎತ್ತಿ ಹೇಳಲು ಅದೊಂದು ನೆಪ. ಆದರೆ ಚರ್ಚೆಗೆ ಗೊತ್ತಾದ ಕೊನೆಯ ದಿನ ಬಂದಾಗ, ಉಳಿದ ಬೇಡಿಕೆಗಳನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಇದಕ್ಕೆ ಗಿಲೋಟಿನ್ ಎಂದು ಹೆಸರು. ಫ್ರಾನ್ಸಿನಲ್ಲಿ ತಲೆ ಕತ್ತರಿಸುತ್ತಿದ್ದ ಯಂತ್ರದ ಹೆಸರದು.

ಇಷ್ಟನ್ನೂ ಪುಸ್ತಕದಿಂದ ಹೇಳಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ. ಅದಕ್ಕೇ 2023ರ ಫೆಬ್ರವರಿಯಲ್ಲಿ ಭದ್ರಾವತಿಯ ನಮ್ಮ ಶಾಲೆಯ ಒಂಬತ್ತನೇ ತರಗತಿಯಲ್ಲಿ ಸಂಸತ್ತಿನ ಅಣಕು ಅಧಿವೇಶನ ಮಾಡಿಸಿದೆ. ಊರಿನಲ್ಲಿ ಅದು ಕಷ್ಟದ ಸಮಯ. ನಮ್ಮ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಗಿ, 1998ರಲ್ಲಿ ಅದರಲ್ಲೇ ವಿಲೀನವಾಗಿತ್ತು. 2016ರಲ್ಲಿ ಮಾರಾಟದ ತೀರ್ಮಾನವಾಗಿ, ಕೊಳ್ಳುವವರ ಆಸಕ್ತಿ ಸಾಲದೆ 2022ರಲ್ಲಿ ಅದನ್ನು ಕೈಬಿಟ್ಟಿದ್ದರು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದು, ಕಾರ್ಮಿಕರು ಧರಣಿ ಕುಳಿತಿದ್ದರು. ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗುವ ನಾನು ದಿನವೂ ಅದೇ ಮಾತು ಕೇಳುತ್ತಿದ್ದೆ. ತರಗತಿಯಲ್ಲಿ ಕೂಡ ಗುತ್ತಿಗೆ ಕೆಲಸಗಾರರ ಮಕ್ಕಳಿದ್ದರು.

ಅಧಿವೇಶನ ಚೆನ್ನಾಗಿಯೇ ನಡೆಯಿತು. ಹಣಕಾಸು ಮಂತ್ರಿಯಾದ ಹುಡುಗ ಕೆಂಪು ಬಟ್ಟೆಯಲ್ಲಿ ಕಾಪಿ ಪುಸ್ತಕ ಸುತ್ತಿಕೊಂಡು ಬಂದ. ಗದ್ದಲ ಮಾಡುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಕೊನೆಯಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ, ವರ್ಷವಿಡೀ ತಾನಾಗಿ ಮಾತನಾಡದವಳು, ಚೀಟಿ ಹಿಡಿದು ಎದ್ದಳು. “ಮಾನ್ಯ ಅಧ್ಯಕ್ಷರೇ, ಉಕ್ಕು ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡಬೇಕೆಂದು ಸೂಚಿಸುತ್ತೇನೆ” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನದು ಗಣಿತದ ಪೀರಿಯಡ್ಡು, ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ನಾನು ನಗುತ್ತ “ಸಮಯವಾಯಿತು, ಗಿಲೋಟಿನ್! ಎಲ್ಲ ಬೇಡಿಕೆಗಳೂ ಅಂಗೀಕಾರವಾದವು” ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಚೀಟಿಯನ್ನು ಮಡಿಸಿ ಕುಳಿತಳು. ಗಿಲೋಟಿನ್ ಎಂದರೇನೆಂದು ಇಷ್ಟು ಚೆನ್ನಾಗಿ ತೋರಿಸಿಕೊಟ್ಟೆನಲ್ಲ ಎಂದು ನನಗೆ ಹೆಮ್ಮೆಯೇ ಆಯಿತೆಂದು ಈಗ ಹೇಳಲು ನಾಚಿಕೆ.

ಮಾರ್ಚ್ 23ರಂದು ಲೋಕಸಭೆ ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳನ್ನೂ ಚರ್ಚೆಯಿಲ್ಲದೆ ಗಿಲೋಟಿನ್ ಮೂಲಕ ಅಂಗೀಕರಿಸಿತು. ಸುಮಾರು 45 ಲಕ್ಷ ಕೋಟಿ ರೂಪಾಯಿಯ ಆಯವ್ಯಯ. 2018ರಲ್ಲಿಯೂ ಹೀಗೇ ಆಗಿತ್ತು. ಮರುದಿನ ಪತ್ರಿಕೆಯ ಸುದ್ದಿಯನ್ನು ತರಗತಿಯಲ್ಲಿ ಓದಿದೆ. ಆ ಹುಡುಗಿ ಕುಳಿತಲ್ಲಿಂದಲೇ ಕೇಳಿದಳು: “ಅಲ್ಲೂ ಬೆಲ್ ಹೊಡೀತಾ ಮಿಸ್?”

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಅಲ್ಲಿ ಗದ್ದಲ ಮಾಡಿದವರು ಯಾರು, ತಪ್ಪು ಯಾವ ಪಕ್ಷದ್ದು ಎಂದು ವಾದಿಸಬಹುದು. ನನ್ನ ತರಗತಿಯಲ್ಲಿ ಮಾತ್ರ ತಪ್ಪು ನನ್ನದೇ ಆಗಿತ್ತು. ಗಣಿತದ ಮೇಷ್ಟ್ರನ್ನು ಐದು ನಿಮಿಷ ಕೇಳಿಕೊಂಡಿದ್ದರೆ ಅವರೇನೂ ಇಲ್ಲವೆನ್ನುತ್ತಿರಲಿಲ್ಲ. ಅವಳ ಚೀಟಿ ಎಲ್ಲಿ ಎಂದೆ. ಪುಸ್ತಕದ ನಡುವೆ ಇಟ್ಟುಕೊಂಡಿದ್ದಳು. ಓದಿಸಿದೆ. “ನಮ್ಮೂರಿನ ಕಾರ್ಖಾನೆಯ ಗುತ್ತಿಗೆಯವರಿಗೆ ಮುಂದೇನು ಎಂದು ಸರ್ಕಾರ ಹೇಳದ ಕಾರಣ” ಎಂದು ಬರೆದಿತ್ತು. ಸಾಂಕೇತಿಕ ಕಡಿತಕ್ಕೆ ಇದಕ್ಕಿಂತ ಸರಿಯಾದ ಕಾರಣವನ್ನು ಯಾವ ಸದಸ್ಯರೂ ಬರೆಯಲಾರರು. ಒಂದು ಸರ್ಕಾರಿ ಕಂಪನಿಯ ಘಟಕವನ್ನು ಮುಚ್ಚುವುದು ಬಿಡುವುದು ಆಯವ್ಯಯದ ಒಂದು ಸಾಲಿನಲ್ಲಿ ತೀರ್ಮಾನವಾಗುವುದಿಲ್ಲ, ಕಂಪನಿಗೆ ತನ್ನದೇ ಆಡಳಿತ ಮಂಡಲಿಯಿದೆ, ಆದರೆ ಮಂತ್ರಿಗಳನ್ನು ಪ್ರಶ್ನಿಸಬಹುದು, 1964ರಿಂದ ಇರುವ ಸಾರ್ವಜನಿಕ ಉದ್ದಿಮೆಗಳ ಸಮಿತಿಯೂ ಇದೆ ಎಂದೆಲ್ಲ ವಿವರಿಸಿದೆ. ಅವಳು ಗಮನವಿಟ್ಟು ಕೇಳಿ, “ಹಾಗಾದ್ರೆ ಕೇಳೋರು ಇರಬೇಕಲ್ವಾ ಮಿಸ್” ಎಂದಳು.

ಆ ವರ್ಷದಿಂದ ನನ್ನ ತರಗತಿಯ ಸಂಸತ್ತಿಗೆ ಎರಡು ಪೀರಿಯಡ್ಡು ಇಟ್ಟುಕೊಳ್ಳುತ್ತೇನೆ. ಪ್ರಶ್ನೋತ್ತರ ಮೊದಲು, ಹಿಂದಿನ ಬೆಂಚಿನಿಂದ ಆರಂಭ. ಅಮ್ಮ ಕಾಲವಾದ ಮೇಲೆ ಅವರ ಖರ್ಚಿನ ಪುಸ್ತಕಗಳು ನನ್ನಲ್ಲಿವೆ. ಒಂದು ತಿಂಗಳೂ ಮೊತ್ತ ಹಾಕದೆ ಪುಟ ತಿರುಗಿಸಿಲ್ಲ ಅವರು. ಎಷ್ಟೇ ತಡವಾಗಲಿ, ಪ್ರತಿ ಸಾಲನ್ನೂ ಓದಿ ಹೇಳಿ, ತಂದೆಯವರಿಂದ ಹೂಂ ಎನಿಸಿಕೊಂಡೇ ಮಲಗುತ್ತಿದ್ದರು.

ಮೊನ್ನೆ ಶಿವಮೊಗ್ಗದ ಬಸ್ಸಿನಲ್ಲಿ ಆ ಹುಡುಗಿ ಸಿಕ್ಕಳು. ಕಾಲೇಜಿನಲ್ಲಿ ವಾಣಿಜ್ಯ ಓದುತ್ತಿದ್ದಾಳಂತೆ. ನನಗೆ ಸೀಟು ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತಳು. ಮನೆಯ ಕಡೆ ಹೇಗಿದ್ದಾರೆ ಎಂದು ಕೇಳಿದೆ. “ಹೇಗೋ ನಡೀತಿದೆ ಮಿಸ್” ಎಂದಳು. ಇಳಿಯುವ ಮುಂಚೆ ಬಗ್ಗಿ, “ಆ ನೂರು ರೂಪಾಯಿ ಇನ್ನೂ ಬಾಕಿ ಇದೆ ಮಿಸ್, ಮರೀಬೇಡಿ” ಎಂದು ನಕ್ಕಳು.

ಮರೆತಿಲ್ಲ ಎಂದೆ.